ಚೆಸ್ ಮಣೆಯಲ್ಲೇ ಅಡಗಿರುವ ಏಳು ಸಂಖ್ಯೆಗಳು

ಪ್ರಶ್ನೆ: ಚೆಸ್ ಮಣೆಯ ಮೊದಲ ಮನೆಗೆ ಒಂದು ಅಕ್ಕಿಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ದುಪ್ಪಟ್ಟು ಮಾಡುತ್ತಾ 64 ಮನೆ ತುಂಬಿಸುವ ಕಥೆಯನ್ನು ಮಗಳಿಗೆ ಹೇಳಿದೆ. ಒಟ್ಟು 18446744073709551615 ಕಾಳು ಎಂದು ಪುಸ್ತಕದಲ್ಲಿತ್ತು. ಅವಳು ಎಂಟನೇ ಕ್ಲಾಸು. ರಾಜ ಏನು ಮಾಡಿದ ಅಂತ ಕೇಳಲೇ ಇಲ್ಲ. "ಕೊನೆಯಲ್ಲಿ 5 ಇದೆ, ಹಾಗಾದ್ರೆ 5ರಿಂದ ಭಾಗ ಹೋಗುತ್ತೆ. ಇನ್ನು ಯಾವ್ಯಾವುದರಿಂದ ಹೋಗುತ್ತೆ?" ಅಂತ ಹಿಡಿದುಕೊಂಡಿದ್ದಾಳೆ. ಫೋನಿನ ಕ್ಯಾಲ್ಕುಲೇಟರ್ ಕೈಕೊಟ್ಟಿತು. ಈ ಸಂಖ್ಯೆಯನ್ನು ಓದುವುದು ಹೇಗೆ ಎಂದೂ ನನಗೆ ಹೊಳೆಯಲಿಲ್ಲ. ಕೈಯಲ್ಲೇ ಮಾಡುವ ದಾರಿ ಇದೆಯಾ?

ಉತ್ತರ: ಇದೆ. ಕ್ಯಾಲ್ಕುಲೇಟರ್ ಪಕ್ಕಕ್ಕಿಡಿ, ಚೆಸ್ ಬೋರ್ಡ್ ಎದುರಿಗಿಡಿ. ಈ ಸಂಖ್ಯೆ ನೋಡಲು ಭಾರಿ, ಒಡೆಯಲು ಹಗುರ. ಇಪ್ಪತ್ತು ಅಂಕಿಯ ಸಂಖ್ಯೆಗಳು ಸಾಮಾನ್ಯವಾಗಿ ಇಷ್ಟು ಸಲೀಸಾಗಿ ಬಿಚ್ಚಿಕೊಳ್ಳುವುದಿಲ್ಲ. ಇದು ಬಿಚ್ಚಿಕೊಳ್ಳುತ್ತದೆ, ಯಾಕೆಂದರೆ ಮಣೆಯ ಸಾಲುಗಳೇ ಅದನ್ನು ಆಗಲೇ ತುಂಡು ಮಾಡಿಟ್ಟಿವೆ.

ಮೊದಲು ಓದುವ ವಿಷಯ ಮುಗಿಸಿಬಿಡೋಣ. ಬಲಗಡೆಯಿಂದ ಏಳೇಳು ಅಂಕಿ ಬಿಡಿಸಿ: 184467, 4407370, 9551615. ಅಂದರೆ 1,84,467 ಕೋಟಿ ಕೋಟಿ, 44,07,370 ಕೋಟಿ, 95,51,615. "ಕೋಟಿ ಕೋಟಿ" ಎಂದು ಎರಡು ಸಲ ಹೇಳುವುದು ಬೇಡ ಎನಿಸಿದರೆ ನಮ್ಮ ಮಹಾವೀರಾಚಾರ್ಯನ ಹತ್ತಿರ ಹೋಗಬೇಕು. 9ನೇ ಶತಮಾನ, ಅಮೋಘವರ್ಷ ನೃಪತುಂಗನ ಕಾಲ, ರಾಜಧಾನಿ ಮಾನ್ಯಖೇಟ, ಅಂದರೆ ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ. ಮಹಾವೀರ ತನ್ನ ಗಣಿತಸಾರಸಂಗ್ರಹದಲ್ಲಿ ಏಕ, ದಶ, ಶತದಿಂದ ಶುರುಮಾಡಿ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಅದರಲ್ಲಿ ಇಪ್ಪತ್ತನೆಯದು ಮಹಾಶಂಖ, ಹತ್ತೊಂಬತ್ತನೆಯದು ಶಂಖ. ಹಾಗಾಗಿ ನಿಮ್ಮ ಮಗಳ ಸಂಖ್ಯೆ ಒಂದು ಮಹಾಶಂಖ ಎಂಟು ಶಂಖದಿಂದ ಶುರುವಾಗುತ್ತದೆ. ಇಡೀ ಅಕ್ಕಿ ಲೆಕ್ಕ ಮುಗಿದ ಮೇಲೂ ಅವನ ಪಟ್ಟಿಯಲ್ಲಿ ಇನ್ನೂ ನಾಲ್ಕು ಹೆಸರು ಮಿಗುತ್ತವೆ!

ಕ್ಯಾಲ್ಕುಲೇಟರ್ ಕೈಕೊಟ್ಟದ್ದು ಅದರ ತಪ್ಪಲ್ಲ. ಅದಕ್ಕೆ ನೆನಪಿಟ್ಟುಕೊಳ್ಳಲು ಇಷ್ಟೇ ಅಂಕಿ ಎಂಬ ಮಿತಿ ಇರುತ್ತದೆ. ಎಕ್ಸೆಲ್‌ನಲ್ಲಿ ಹಾಕಿ ನೋಡಿ, 18446744073709500000 ಎಂದು ತೋರಿಸುತ್ತದೆ. ಹದಿನೈದು ಅಂಕಿ ಆದ ಮೇಲೆ ಬರೀ ಸೊನ್ನೆ. ಅದನ್ನು ನಂಬಿದರೆ ನಿಮ್ಮ ಸಂಖ್ಯೆ 10ರಿಂದಲೂ ಭಾಗ ಹೋಗುತ್ತದೆ! ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಬಲ್ಲವರು ಮನೆಯಲ್ಲಿದ್ದರೆ 2**64-1 ಎಂದು ಟೈಪ್ ಮಾಡಿಸಿ, ಒಂದು ಅಂಕಿಯೂ ಬಿಡದೆ ಕೊಡುತ್ತದೆ.

ಕೊನೆಯ ಅಂಕಿ 5 ಎಂಬುದನ್ನು ಮಗಳು ಗಟ್ಟಿಮಾಡಿಕೊಳ್ಳಲಿ. ನಾನೇ ಒಮ್ಮೆ ಒಂದು ಶಾಲೆಯಲ್ಲಿ ಮಾತಾಡುತ್ತಾ ಬೋರ್ಡಿನ ಮೇಲೆ ...616 ಎಂದು ಬರೆದುಬಿಟ್ಟಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಸರ್, ಮೊದಲ ಮನೇಲಿ ಒಂದು ಕಾಳು. ಉಳಿದದ್ದೆಲ್ಲ ಸಮ ಸಂಖ್ಯೆ. ಒಟ್ಟು ಬೆಸ ಬರಬೇಕಲ್ವಾ?" ಅಂದ. ಅಷ್ಟೇ, ಸೋತೆ. 616ರಿಂದ ಮುಗಿಯುವುದು 2⁶⁴, ಅಂದರೆ 65ನೇ ಮನೆ ಇದ್ದಿದ್ದರೆ ಅದರಲ್ಲಿ ಇಡಬೇಕಿದ್ದ ಕಾಳು. ಒಟ್ಟು ಅದಕ್ಕಿಂತ ಒಂದು ಕಡಿಮೆ.

ಯಾಕೆ ಒಂದು ಕಡಿಮೆ? ಮಣೆಯ ಹೊರಗೆ ಒಂದು ಕಾಳು ಹೆಚ್ಚಿಗೆ ಇಟ್ಟುಕೊಳ್ಳಿ. ಅದನ್ನು ಮೊದಲ ಮನೆಯ ಕಾಳಿನ ಜೊತೆ ಸೇರಿಸಿ, ಎರಡಾಯಿತು. ಆ ಎರಡನ್ನು ಎರಡನೇ ಮನೆಯ ಎರಡಕ್ಕೆ ಸೇರಿಸಿ, ನಾಲ್ಕು. ಮೂರನೇ ಮನೆಗೆ ಹೋಗಿ, ಎಂಟು. ಹೀಗೆ ದೂಡುತ್ತಾ ಹೋದರೆ ಕಡೆಗೆ ಮಣೆ ಖಾಲಿ, 65ನೇ ಮನೆ ಸರಿಯಾಗಿ ಭರ್ತಿ. ಸಾಲ ತಂದ ಆ ಒಂದು ಕಾಳನ್ನು ವಾಪಸ್ ಕೊಟ್ಟರೆ ನಮ್ಮ ಸಂಖ್ಯೆ ಉಳಿಯುತ್ತದೆ.

ಈಗ ಒಡೆಯುವ ಕೆಲಸ.

ಮೊದಲ ಸಾಲು ನೋಡಿ. 1, 2, 4, 8, 16, 32, 64, 128. ಕೂಡಿಸಿದರೆ 255. ಎರಡನೇ ಸಾಲಿನ ಮೊದಲ ಮನೆಯಲ್ಲಿ 256, ಮುಂದಿನದರಲ್ಲಿ 512. ಅಂದರೆ ಎರಡನೇ ಸಾಲಿನ ಪ್ರತಿ ಮನೆಯಲ್ಲೂ ಮೊದಲ ಸಾಲಿನ ಅದೇ ಜಾಗದ ಮನೆಯ 256 ಪಟ್ಟು ಕಾಳು. ಹಾಗಾಗಿ ಎರಡನೇ ಸಾಲಿನ ಮೊತ್ತ 255 × 256. ಮೂರನೆಯದು ಅದರ 256 ಪಟ್ಟು. ಎಂಟೂ ಸಾಲುಗಳ ಮೊತ್ತ 255ರ ಮಗ್ಗಿಯಲ್ಲೇ ಬರುತ್ತದೆ. ಪ್ರತಿ ಸಾಲೂ 255ರಿಂದ ಭಾಗ ಹೋದ ಮೇಲೆ ಒಟ್ಟು ಮೊತ್ತ ಹೋಗದೆ ಇರುತ್ತದಾ? 255 ಅಂದರೆ 3 × 5 × 17. ಏನೂ ಕಷ್ಟಪಡದೆ ಮೂರು ಅಪವರ್ತನ ಸಿಕ್ಕವು.

3 ಬರುತ್ತದೆ ಎಂದು ಅಂಕಿಗಳನ್ನು ಕೂಡಿಯೂ ನೋಡಬಹುದು. ಇಪ್ಪತ್ತು ಅಂಕಿಗಳ ಮೊತ್ತ 87. ಅದು 3ರಿಂದ ಹೋಗುತ್ತದೆ, 9ರಿಂದ ಹೋಗುವುದಿಲ್ಲ. 17ಕ್ಕೆ ಇಂಥ ಸುಲಭದ ಉಪಾಯ ಇಲ್ಲ. ಮಣೆಯ ಸಾಲು ಇಲ್ಲದಿದ್ದರೆ ಇಪ್ಪತ್ತು ಅಂಕಿ ಬರೆದು ಭಾಗಿಸುತ್ತಾ ಕೂರಬೇಕಿತ್ತು.

ಮುಂದೆ ಸಾಲುಗಳನ್ನು ಜೋಡಿ ಮಾಡಿ. ಮೊದಲೆರಡು ಸಾಲು ಸೇರಿದರೆ 255 + 255 × 256, ಅಂದರೆ 255 × 257. ಉಳಿದ ಮೂರು ಜೋಡಿಗಳೂ ಇದರ ಮಗ್ಗಿಯಲ್ಲೇ ಬರುತ್ತವೆ. 257 ಸಿಕ್ಕಿತು. ಒಂದು ಜೋಡಿಯ ಮೊತ್ತ 65535. ಎರಡು ಜೋಡಿ, ಅಂದರೆ ಅರ್ಧ ಮಣೆ, 65535 × 65537. ಅದು 4294967295. ಕಡೆಗೆ ಎರಡು ಅರ್ಧ ಸೇರಿಸಿ. ಇಡೀ ಮಣೆ 4294967295 × 4294967297.

ಒಂದು ಸಾಲಿನ ಒಳಗೂ ಇದೇ ಆಟ ನಡೆದಿದೆ. ಎರಡು ಮನೆಯ ಮೊತ್ತ 3. ನಾಲ್ಕು ಮನೆ 3 × 5. ಎಂಟು ಮನೆ 3 × 5 × 17. ಹದಿನಾರಕ್ಕೆ 257 ಬಂತು, ಮೂವತ್ತೆರಡಕ್ಕೆ 65537. ಪ್ರತಿ ಸಲ ಮನೆಗಳು ಇಮ್ಮಡಿಯಾದಾಗ ಒಂದು ಹೊಸ ಸಂಖ್ಯೆ ಬಂದು ಗುಣಾಕಾರಕ್ಕೆ ಸೇರಿಕೊಳ್ಳುತ್ತದೆ. ಎಂಟನೇ ಕ್ಲಾಸಿನಲ್ಲಿ ಎ ಸ್ಕ್ವೇರ್ ಮೈನಸ್ ಬಿ ಸ್ಕ್ವೇರ್ ಪಾಠ ಆಗಿರುತ್ತದೆ. ಇದು ಅದೇ. 2⁶⁴ − 1 ಅಂದರೆ 4294967296ರ ವರ್ಗದಿಂದ 1ರ ವರ್ಗ ಕಳೆದದ್ದು. ಕೂಡಿಸಿದ್ದು ಒಂದು ಕಡೆ, ಕಳೆದದ್ದು ಇನ್ನೊಂದು ಕಡೆ, ಎರಡನ್ನೂ ಗುಣಿಸಿದರಾಯಿತು. ಕಳೆದದ್ದರ ಮೇಲೆ ಮತ್ತೆ ಅದೇ ಸೂತ್ರ. ಹೀಗೆ ಆರು ಸಲ.

ಈ ಆರು ಮೆಟ್ಟಿಲಿಗೆ ನಮ್ಮ ಛಂದಸ್ಸಿನ ಕಡೆಯಿಂದ ಒಂದು ಹಳೇ ನಂಟಿದೆ. ಲಘು ಗುರು ಎರಡೇ ಗುರುತಿನಲ್ಲಿ ಮೂರು ಅಕ್ಷರದ ಗಣಗಳು ಎಂಟು ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ, ಯಮಾತಾರಾಜಭಾನಸಲಗಂ. ಅಕ್ಷರ ಎಷ್ಟೇ ಇರಲಿ, ಎಷ್ಟು ಬಗೆ ಎಂದು ತಿಳಿಯಲು 2ನ್ನು ಅಷ್ಟು ಸಲ ಗುಣಿಸಬೇಕು. ಛಂದಶ್ಶಾಸ್ತ್ರ ಬರೆದ ಪಿಂಗಳ ಇದಕ್ಕೊಂದು ಅಡ್ಡದಾರಿ ಹೇಳಿದ್ದಾನೆ. ಸಂಖ್ಯೆಯನ್ನು ಅರ್ಧ ಮಾಡಲು ಬಂದರೆ ಅರ್ಧ ಮಾಡು, 2 ಎಂದು ಗುರುತು ಹಾಕು. ಬರದಿದ್ದರೆ ಒಂದು ಕಳೆ, ಸೊನ್ನೆ ಹಾಕು. ಆಮೇಲೆ ಕೆಳಗಿನಿಂದ ವಾಪಸ್ ಬಾ. ಸೊನ್ನೆ ಇದ್ದಲ್ಲಿ ಎರಡರಿಂದ ಗುಣಿಸು, 2 ಇದ್ದಲ್ಲಿ ವರ್ಗ ಮಾಡು. 64ನ್ನು ಹೀಗೆ ಅರ್ಧ ಮಾಡಿದರೆ 32, 16, 8, 4, 2, 1. ನಡುವೆ ಎಲ್ಲೂ ತೊಡಕಿಲ್ಲ. ವಾಪಸ್ ಬರುವಾಗ 2, 4, 16, 256, 65536, 4294967296, ಆಮೇಲೆ ನಮ್ಮ ದೊಡ್ಡಣ್ಣ 2⁶⁴. 63 ಗುಣಾಕಾರದ ಬದಲು ಆರು ವರ್ಗ. ಮಧ್ಯ ಏಷ್ಯಾದ ವಿದ್ವಾಂಸ ಅಲ್ಬೆರೂನಿ ಸುಮಾರು 1000ನೇ ಇಸವಿಯಲ್ಲಿ ಚೆಸ್ ಮಣೆಯ ಈ ಲೆಕ್ಕವನ್ನು ಬಿಡಿಸಿದ್ದೂ ವರ್ಗ ಮಾಡುವ ದಾರಿಯಲ್ಲೇ.

ಆ ಪಟ್ಟಿಯ ಮೊದಲ ಆರು ಸಂಖ್ಯೆಗಳಿಗೆ ಸುಮ್ನೆ ಒಂದೊಂದು ಕೂಡಿಸಿ ನೋಡಿ. 3, 5, 17, 257, 65537, 4294967297. ಇವೇ ಅಲ್ವಾ ನಮಗೆ ಸಿಕ್ಕಿದ್ದು!

ಮಗಳು ಇಲ್ಲಿ ಒಂದು ಪ್ರಶ್ನೆ ಕೇಳಬೇಕು. ಕೇಳದಿದ್ದರೆ ನೀವೇ ಕೇಳಿ. 7ರಿಂದ ಯಾಕೆ ಹೋಗಲ್ಲ? 11ರಿಂದ, 13ರಿಂದ?

ಏಳು ಜನರಿಗೆ ಕಾಳು ಹಂಚುತ್ತಿದ್ದೀರಿ ಎಂದುಕೊಳ್ಳಿ. ಒಂದೊಂದು ಮನೆಯಲ್ಲಿ ಹಂಚಿ ಉಳಿಯುವುದನ್ನಷ್ಟೇ ಬರೆಯುತ್ತಾ ಹೋಗಿ. ಮೊದಲ ಮನೆಯಲ್ಲಿ 1, ಎರಡನೆಯದರಲ್ಲಿ 2, ಮೂರನೆಯದರಲ್ಲಿ 4. ನಾಲ್ಕನೆಯದರಲ್ಲಿ 8 ಕಾಳು, ಉಳಿಯುವುದು 1. ಮತ್ತೆ 2, 4, 1, 2, 4. ಮೂರು ಮನೆಗೊಂದು ಸುತ್ತು. ಒಂದು ಸುತ್ತಿನ ಉಳಿಕೆ ಕೂಡಿದರೆ 7, ಅದನ್ನೂ ಹಂಚಬಹುದು. 63 ಮನೆ ಚೊಕ್ಕವಾಗಿ ಮುಗಿಯಿತು. 64ನೇ ಮನೆಯಲ್ಲಿ ಸುತ್ತು ಮತ್ತೆ ಶುರು, ಒಂದು ಕಾಳು ಕೈಯಲ್ಲಿ. ಇಡೀ ಭೂಮಿಗೆ ಸಾಕಾಗುವಷ್ಟು ಅಕ್ಕಿಯನ್ನು ಏಳು ಜನರಿಗೆ ಹಂಚಿ, ಕೊನೆಗೆ ಒಂದೇ ಒಂದು ಕಾಳಿಗೆ ಜಗಳ! 11ಕ್ಕೆ ಸುತ್ತು ಹತ್ತು ಮನೆ, 13ಕ್ಕೆ ಹನ್ನೆರಡು. ಎರಡೂ 60ರ ಹತ್ತಿರ ಮುಗಿದು ನಾಲ್ಕು ಮನೆ ಹೆಚ್ಚಿಗೆ ಉಳಿಯುತ್ತವೆ. ಆ ನಾಲ್ಕರ ಉಳಿಕೆ 1 + 2 + 4 + 8, ಹದಿನೈದು. ಹನ್ನೊಂದು ಜನರಿಗೆ ಹಂಚಿದರೆ 4 ಮಿಗುತ್ತದೆ, ಹದಿಮೂರು ಜನರಿಗಾದರೆ 2.

ಈಗ 17 ಜನರಿಗೆ ಹಂಚಿ. ಉಳಿಕೆ 1, 2, 4, 8, 16, 15, 13, 9, ಮತ್ತೆ 1. ಎಂಟು ಮನೆಗೆ ಒಂದು ಸುತ್ತು. ಚೆಸ್ ಮಣೆಯ ಒಂದು ಸಾಲು! ಕೂಡಿದರೆ 68, ನಾಲ್ಕು ಹದಿನೇಳು. 3ರ ಸುತ್ತು ಎರಡು ಮನೆ, 5ರದು ನಾಲ್ಕು, 257ರದು ಎರಡು ಸಾಲು, 65537ರದು ಅರ್ಧ ಮಣೆ. ಸುತ್ತು 64ರೊಳಗೆ ಸರಿಯಾಗಿ ಕೂರುವ ಅವಿಭಾಜ್ಯ ಸಂಖ್ಯೆಗಳಿಗೆ ಮಾತ್ರ ಇಲ್ಲಿ ಪ್ರವೇಶ. ನನಗೆ ಈ ಸಂಖ್ಯೆಯಲ್ಲಿ ಎಲ್ಲಕ್ಕಿಂತ ಇಷ್ಟವಾಗುವ ಗುಣ ಇದೇ. ಅಕ್ಕಿಯ ಗುಡ್ಡದ ಕಥೆಗಿಂತ ಇದು ಎಷ್ಟೋ ಮೇಲು.

ಒಂದು ಬಾಕಿ ಉಳಿದಿದೆ. 4294967297. ಇದನ್ನು ಇನ್ನೂ ಒಡೆಯಬಹುದಾ?

ಫ್ರಾನ್ಸಿನ ಗಣಿತಜ್ಞ ಫರ್ಮಾ ಇಲ್ಲೇ ಎಡವಿದ. 1640ರ ಹೊತ್ತಿಗೆ ಅವನು 3, 5, 17, 257, 65537 ಎಲ್ಲ ಅವಿಭಾಜ್ಯ ಎಂದು ಕಂಡು, ಈ ಸಾಲಿನಲ್ಲಿ ಮುಂದೆ ಬರುವುದೆಲ್ಲ ಅವಿಭಾಜ್ಯವೇ ಎಂದು ನಂಬಿದ. ಗೆಳೆಯರಿಗೆ ಕಾಗದ ಬರೆದ. ಸಾಧಿಸಲು ಆಗುತ್ತಿಲ್ಲ ಎಂದೂ ಒಪ್ಪಿಕೊಂಡ. ತೊಂಬತ್ತು ವರ್ಷ ಆ ಮಾತು ಹಾಗೇ ಉಳಿಯಿತು. 1729ರಲ್ಲಿ (ಹೌದು, ರಾಮಾನುಜನ್ ಸಂಖ್ಯೆಯೇ ಇಸವಿಯಾಗಿ ಬಂದಿದೆ, ಕಾಕತಾಳೀಯ) ಗೋಲ್ಡ್‌ಬಾಖ್ ಎಂಬವನು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ ಆಯ್ಲರ್‌ಗೆ ಪತ್ರ ಬರೆದು ಇದನ್ನು ಕೆಣಕಿದ. ಆಯ್ಲರ್ ಮೊದಮೊದಲು ಅಷ್ಟಾಗಿ ತಲೆಕೆಡಿಸಿಕೊಳ್ಳಲಿಲ್ಲ. 1732ರಲ್ಲಿ ಉತ್ತರ ಕೊಟ್ಟ: 641ರಿಂದ ಭಾಗ ಹೋಗುತ್ತದೆ.

641 ಎಲ್ಲಿಂದ ಬಂತು? ಅದಕ್ಕೂ ಸುತ್ತಿನ ಲೆಕ್ಕವೇ. ಒಂದು ಅವಿಭಾಜ್ಯ ಸಂಖ್ಯೆಯ ಸುತ್ತು ಎಷ್ಟು ಉದ್ದವೋ, ಆ ಉದ್ದದಿಂದ ಅವಿಭಾಜ್ಯಕ್ಕಿಂತ ಒಂದು ಕಡಿಮೆ ಇರುವ ಸಂಖ್ಯೆ ಸರಿಯಾಗಿ ಭಾಗ ಹೋಗಲೇಬೇಕು. 7ಕ್ಕೆ ಸುತ್ತು 3, ಅದು 6ರಲ್ಲಿ ಎರಡು ಸಲ. 17ಕ್ಕೆ 8, ಅದು 16ರಲ್ಲಿ ಎರಡು ಸಲ. 4294967297ನ್ನು ಭಾಗಿಸುವ ಯಾವ ಅವಿಭಾಜ್ಯಕ್ಕಾದರೂ ಸುತ್ತು ಪೂರ್ತಿ 64 ಮನೆ. ಹಾಗಾಗಿ ಅದು 64ರ ಮಗ್ಗಿಗಿಂತ ಒಂದು ಜಾಸ್ತಿ ಇರಬೇಕು. 65, 129, 193, 257, 321, 385, 449, 513, 577, 641. ಇವುಗಳಲ್ಲಿ ಅವಿಭಾಜ್ಯ ಐದೇ: 193, 257, 449, 577, 641. ಐದನೇ ಪ್ರಯತ್ನಕ್ಕೆ ಬಾಗಿಲು ತೆರೆಯಿತು. ಸುತ್ತಿನ ಈ ನಿಯಮ ಕಂಡುಹಿಡಿದವನು ಯಾರು ಗೊತ್ತಾ? ಫರ್ಮಾನೇ. ಬೀಗದ ಕೈ ಜೇಬಿನಲ್ಲೇ ಇಟ್ಟುಕೊಂಡು ಬಾಗಿಲಿಲ್ಲ ಎಂದು ಹೊರಟುಹೋದ.

ಭಾಗಾಕಾರವನ್ನೇ ಮಾಡದೆ 641 ಹೋಗುತ್ತದೆ ಎಂದು ತೋರಿಸುವ ಒಂದು ಚಂದದ ಲೆಕ್ಕ ಇದೆ. ಮಗಳ ಜೊತೆ ಕೂತು ನಿಧಾನಕ್ಕೆ ಮಾಡಿ. 641ನ್ನು ಎರಡು ತರ ಬರೆಯಬಹುದು. 625 + 16, ಮತ್ತು 640 + 1. ಇಲ್ಲಿ 625 ಅಂದರೆ ನಾಲ್ಕು ಐದುಗಳ ಗುಣಲಬ್ಧ, 640 ಅಂದರೆ 5 × 128. ಈಗ 2³² ಅಂದರೆ 16 × 2²⁸. ಆ 16ರ ಜಾಗದಲ್ಲಿ 641 − 625 ಹಾಕಿ. 641 × 2²⁸ − 625 × 2²⁸ ಆಯಿತು. ಕಳೆಯುವ ಭಾಗ ನೋಡಿ. 5ರ ನಾಲ್ಕನೇ ಘಾತ, 128ರ ನಾಲ್ಕನೇ ಘಾತ (2²⁸ ಅಂದರೆ ಅದೇ), ಎರಡೂ ಸೇರಿ 640⁴. ಆದ್ದರಿಂದ 2³² + 1 ಅಂದರೆ 641 × 2²⁸ − (640⁴ − 1). ಮೊದಲ ತುಂಡಿನಲ್ಲಿ 641 ಎದ್ದು ಕಾಣುತ್ತದೆ. ಎರಡನೆಯ ತುಂಡು ಮತ್ತೆ ನಮ್ಮ ಹಳೇ ಸೂತ್ರ: (640² + 1) × (640 + 1) × (640 − 1). ನಡುವಿನದ್ದೇ 641. ಮುಗಿಯಿತು. ಹತ್ತು ಅಂಕಿಯ ಸಂಖ್ಯೆಯನ್ನು ಒಂದು ಸಲವೂ ಪೂರ್ತಿ ಬರೆಯದೆ ಒಡೆದಂತಾಯಿತು.

ಭಾಗಿಸಿದರೆ ಬರುವುದು 6700417. ಅದು ಅವಿಭಾಜ್ಯ. ಇಲ್ಲೂ 64ರ ಮಗ್ಗಿಗಿಂತ ಒಂದು ಜಾಸ್ತಿ ಇರುವ ಅವಿಭಾಜ್ಯಗಳನ್ನಷ್ಟೇ ಪರೀಕ್ಷಿಸಿದರೆ ಸಾಕು, ಅದೂ 2588ರವರೆಗೆ ಮಾತ್ರ. ಒಂದು ಮಧ್ಯಾಹ್ನದ ಕೆಲಸ. 65537 ಇನ್ನೂ ಸುಲಭ. ಅಲ್ಲಿ 32ರ ಮಗ್ಗಿಗಿಂತ ಒಂದು ಜಾಸ್ತಿ ಇರುವುದು ಬೇಕು, 256ರ ಒಳಗೆ. 97 ಮತ್ತು 193, ಎರಡೇ. 97ರಿಂದ ಭಾಗಿಸಿದರೆ 62 ಉಳಿಯುತ್ತದೆ, 193ರಿಂದ 110. ಆದ್ದರಿಂದ ಅವಿಭಾಜ್ಯ.

ಇಷ್ಟಾದ ಮೇಲೆ ಮಗಳ ಪ್ರಶ್ನೆಗೆ ಪೂರ್ತಿ ಉತ್ತರ ಹೀಗೆ ಬರೆಯಬಹುದು:

18446744073709551615 = 3 × 5 × 17 × 257 × 641 × 65537 × 6700417

ಏಳು ಅವಿಭಾಜ್ಯಗಳು, ಯಾವುದೂ ಎರಡು ಸಲ ಇಲ್ಲ. ಒಂದು ಅಪವರ್ತನ ಮಾಡಬೇಕಾದರೆ ಈ ಏಳರಲ್ಲಿ ಪ್ರತಿಯೊಂದನ್ನೂ ತಗೊಳ್ಳಬೇಕು ಅಥವಾ ಬಿಡಬೇಕು. ಮತ್ತೆ ಲಘು ಗುರು ಲೆಕ್ಕ, ಏಳು ಅಕ್ಷರಕ್ಕೆ. 1 ಮತ್ತು ಸಂಖ್ಯೆಯೂ ಸೇರಿ ಒಟ್ಟು ಅಪವರ್ತನಗಳು 128. ಮೊದಲ ಸಾಲಿನ ಕೊನೆಯ ಮನೆಯಲ್ಲಿರುವ ಕಾಳುಗಳೂ 128. ಇದರಲ್ಲಿ ಗೂಢಾರ್ಥ ಏನಿಲ್ಲ, ಆದರೂ ಮಕ್ಕಳಿಗೆ ಖುಷಿಯಾಗುತ್ತದೆ.

ಅರ್ಧ ಮಣೆಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ. 1796ರ ಮಾರ್ಚ್ 30ರಂದು ಗೌಸ್, ಇನ್ನೂ ಹದಿನೆಂಟರ ಹುಡುಗ, ಸ್ಕೇಲು ಕೈವಾರ ಎರಡರಿಂದಲೇ 17 ಬಾಹುಗಳ ನಿಯಮಿತ ಬಹುಭುಜ ಎಳೆಯಬಹುದು ಎಂದು ಕಂಡುಕೊಂಡ. ಸ್ಕೇಲಿನಲ್ಲಿ ಅಳತೆ ಗುರುತು ಇರಕೂಡದು, ಬರೀ ಗೆರೆ ಎಳೆಯಲು. ಬಾಹುಗಳ ಸಂಖ್ಯೆ ಬೆಸ ಇದ್ದರೆ ಅದು ಫರ್ಮಾನ ಸಾಲಿನ ಅವಿಭಾಜ್ಯಗಳಿಂದಲೇ ಆಗಿರಬೇಕು, ಒಂದೊಂದೂ ಒಂದೇ ಸಲ. ನಮಗೆ ಗೊತ್ತಿರುವ ಅಂಥ ಅವಿಭಾಜ್ಯಗಳು ಇವತ್ತಿಗೂ ಐದೇ: 3, 5, 17, 257, 65537. ಐದನ್ನೂ ಗುಣಿಸಿದರೆ 4294967295. ಬೆಸ ಬಾಹುಗಳಿದ್ದು, ಹೀಗೆ ಎಳೆಯಲು ಬರುತ್ತದೆ ಎಂದು ಗೊತ್ತಿರುವ ಅತಿ ದೊಡ್ಡ ಬಹುಭುಜಕ್ಕೆ ಅರ್ಧ ಮಣೆಯಲ್ಲಿ ಎಷ್ಟು ಅಕ್ಕಿಕಾಳಿವೆಯೋ ಅಷ್ಟೇ ಬಾಹುಗಳು! ಯಾರೂ ಎಳೆದಿಲ್ಲ, ಎಳೆದರೂ ವೃತ್ತದ ಹಾಗೇ ಕಾಣುತ್ತದೆ. 65537 ಬಾಹುಗಳದ್ದನ್ನು ಎಳೆಯುವ ಕ್ರಮ ಬರೆಯಲು ಹರ್ಮೆಸ್ ಎಂಬ ಜರ್ಮನ್ ಹತ್ತು ವರ್ಷ ಕೂತ. ಆ ಹಸ್ತಪ್ರತಿ ಗಾಟಿಂಗನ್ ವಿಶ್ವವಿದ್ಯಾಲಯದಲ್ಲಿದೆ. ಇಂಥ ಹಟಕ್ಕೆ ಏನೆನ್ನಬೇಕೋ.

ಅಕ್ಕಿ ಎಷ್ಟು ತೂಗುತ್ತದೆ ಎಂದು ಹೇಗೂ ಕೇಳುತ್ತೀರಿ. ದಪ್ಪಕ್ಕಿ ಕಾಳು ಒಂದಕ್ಕೆ 25 ಮಿಲಿಗ್ರಾಂ ಹಿಡಿದರೆ 25 ಕೆಜಿಯ ಮೂಟೆಯಲ್ಲಿ ಹತ್ತು ಲಕ್ಷ ಕಾಳು. ಒಟ್ಟು ಸುಮಾರು 18 ಲಕ್ಷ ಕೋಟಿ ಮೂಟೆ, 46,000 ಕೋಟಿ ಟನ್. ಜಗತ್ತಿನಲ್ಲಿ ಈಗ ವರ್ಷಕ್ಕೆ ಬೆಳೆಯುವ ಅಕ್ಕಿ ಐವತ್ತು ಕೋಟಿ ಟನ್‌ನ ಆಸುಪಾಸು. ಒಂಬೈನೂರು ವರ್ಷದ ಬೆಳೆ. ಸೋನಾ ಮಸೂರಿಯಾದರೆ ಕಾಳು ಸಣ್ಣದು, ರಾಜನಿಗೆ ಸ್ವಲ್ಪ ರಿಯಾಯಿತಿ.

ಈ ಸಂಖ್ಯೆ ಸುಲಭ ಎಂದೆನಲ್ಲ, ಅದರ ನೆರೆಹೊರೆ ನೋಡಿದರೆ ಆ ಮಾತಿನ ಅರ್ಥವಾಗುತ್ತದೆ. 64 ಅರ್ಧವಾಗುತ್ತಾ ಆಗುತ್ತಾ ಒಂದಕ್ಕೆ ಬಂದು ನಿಲ್ಲುತ್ತದೆ, ಅದೇ ನಮ್ಮ ಅದೃಷ್ಟ. ಮಣೆಯಲ್ಲಿ 61 ಮನೆ ಇದ್ದಿದ್ದರೆ? 61 ಸ್ವತಃ ಅವಿಭಾಜ್ಯ, ಸಮಸಾಲು ಮಾಡಲು ಬರುವುದಿಲ್ಲ. ಆಗಿನ ಮೊತ್ತ 2305843009213693951 ಒಡೆಯುವುದೇ ಇಲ್ಲ, ಅದು ಅವಿಭಾಜ್ಯ. 1883ರಲ್ಲಿ ಅದನ್ನು ಸಾಧಿಸಿದವನು ಪೆರ್ವುಶಿನ್, ರಷ್ಯಾದ ಒಬ್ಬ ಹಳ್ಳಿ ಪಾದ್ರಿ. 67 ಮನೆ ಇದ್ದಿದ್ದರೆ? ಆಗಿನ ಮೊತ್ತವೂ ಅವಿಭಾಜ್ಯ ಎಂದು ಫ್ರಾನ್ಸಿನ ಮರ್ಸೆನ್ 1644ರಲ್ಲಿ ಪಟ್ಟಿಗೆ ಸೇರಿಸಿದ್ದ (61ನ್ನು ಬಿಟ್ಟಿದ್ದ, ಎರಡೂ ತಪ್ಪು). 1876ರಲ್ಲಿ ಲ್ಯೂಕಾ ಎಂಬ ಗಣಿತಜ್ಞ ಅದು ಅವಿಭಾಜ್ಯ ಅಲ್ಲ ಎಂದು ತೋರಿಸಿದ, ಆದರೆ ಒಡೆದು ಕೊಡಲಾಗಲಿಲ್ಲ. 1903ರಲ್ಲಿ ನ್ಯೂಯಾರ್ಕಿನ ಸಭೆಯೊಂದರಲ್ಲಿ ಕೋಲ್ ಎಂಬ ಪ್ರೊಫೆಸರ್ 193707721 × 761838257287 ಎಂದು ತೋರಿಸಿದ. ಒಂದೂ ಮಾತಾಡದೆ ಬೋರ್ಡಿನ ಮೇಲೆ ಎರಡೂ ಕಡೆ ಲೆಕ್ಕ ಬರೆದು ಹೋಗಿ ಕೂತನಂತೆ, ಹಾಗೆ ಕಥೆ ಇದೆ. ಮೂರೇ ಮನೆ ಜಾಸ್ತಿ, ಕಷ್ಟ ಎಲ್ಲಿಂದೆಲ್ಲಿಗೆ!

ನಮ್ಮ ಸಂಖ್ಯೆಗೆ ಎರಡು ಕೂಡಿಸಿದರೂ ಸಾಕು, ಸುಲಭ ಎಲ್ಲ ಮಾಯ. 18446744073709551617 ಫರ್ಮಾನ ಸಾಲಿನಲ್ಲಿ ಮುಂದಿನದು. 1880ರಲ್ಲಿ ಲಾಂದ್ರಿ ಎಂಬ 82ರ ಅಜ್ಜ ಅದನ್ನು 274177 × 67280421310721 ಎಂದು ಒಡೆದು ಪ್ರಕಟಿಸಿದರು. ಎರಡು ಚೆಸ್ ಮಣೆ ಜೋಡಿಸಿ 128 ಮನೆ ಮಾಡಿದರೆ ಈ ಎರಡು ಬಂದು ನಮ್ಮ ಏಳರ ಜೊತೆ ಸೇರುತ್ತವೆ, ಒಂಬತ್ತಾಗುತ್ತವೆ. ನಾಲ್ಕು ಮಣೆಗೆ ಕಂಪ್ಯೂಟರ್ ಬೇಕಾಯಿತು, ಅದು 1970ರಲ್ಲಿ.

ಕಂಪ್ಯೂಟರಿನವರಿಗೆ ಈ ಸಂಖ್ಯೆ ಬೇರೆ ಕಾರಣಕ್ಕೆ ಗೊತ್ತು. ದ್ವಿಮಾನದಲ್ಲಿ ಬರೆದರೆ ಇದು ಸಾಲಾಗಿ 64 ಒಂದುಗಳು, ಅಷ್ಟೇ. 64 ಬಿಟ್‌ನಲ್ಲಿ ಹಿಡಿಸುವ ಅತಿ ದೊಡ್ಡ ಪೂರ್ಣ ಸಂಖ್ಯೆ. ಅದಕ್ಕೆ ಒಂದು ಕೂಡಿಸಿದರೆ ಮೀಟರ್ ಗಿರ್ರನೆ ತಿರುಗಿ ಸೊನ್ನೆಗೆ ಬರುತ್ತದೆ, ಹಳೇ ಸ್ಕೂಟರಿನ ಓಡೋಮೀಟರ್ ತರ.

ಇನ್ನು ಮಗಳಿಗೆ ಕೆಲಸ. ಒಂದು ಉದ್ದ ಹಾಳೆ ತಗೊಂಡು ಇಡೀ ಸಂಖ್ಯೆಯನ್ನು 641ರಿಂದ ಕೈಯಲ್ಲೇ ಭಾಗಿಸಲಿ. ಮೊದಲು ಪಕ್ಕದಲ್ಲಿ 641ರ ಮಗ್ಗಿ ಬರೆದುಕೊಳ್ಳಲಿ: 641, 1282, 1923, 2564, 3205, 3846, 4487, 5128, 5769. 1844ರಲ್ಲಿ ಎರಡು ಸಲ, ಉಳಿದದ್ದು 562. 6 ಇಳಿಸಿದರೆ 5626, ಎಂಟು ಸಲ. ಹೀಗೆ. ಎರಡು ಕಡೆ ಎಡವುವುದು ಗ್ಯಾರಂಟಿ. ಐದು ಅಂಕಿ ಬರೆದಾದ ಮೇಲೆ 46 ಉಳಿದು, 0 ಇಳಿಸಿದರೆ 460 ಆಗುತ್ತದೆ. ಅದು 641ಕ್ಕಿಂತ ಕಡಿಮೆ, ಮೇಲೆ ಸೊನ್ನೆ ಬರೆಯಲು ಮರೆಯುತ್ತಾರೆ. ಕೊನೆಯ ಹತ್ತಿರ 96 ಬಂದಾಗಲೂ ಅಷ್ಟೇ. ಸರಿಯಾಗಿ ಮಾಡಿದರೆ ಕಡೆಗೆ 3205 ಬರುತ್ತದೆ, ಐದು ಸಲ, ಕೆಳಗೆ ಸೊನ್ನೆ. ಮೇಲೆ 28778071877862015 ಇರಬೇಕು.